ಮೂರು ಮುಚ್ಚಿದ ಕೋಣೆ

ಯೂಮಾದಲ್ಲಿ ಡಾಂಬರಿಗೆ ಚಪ್ಪಲಿ ಅಂಟುವ ಜುಲೈ.
ಆಸ್ಪತ್ರೆ ಲಾಂಡ್ರಿಯ ರಾತ್ರಿಪಾಳಿ ಮುಗಿಸಿ
ಒಡೀಲಿಯಾ ಹಗಲು ಮಲಗುತ್ತಾಳೆ.
ತಲೆಯ ಮೇಲಿನ ಏಸಿ ಜಾಲರಿ ಮಾತ್ರ
ಸೀಟಿ ಊದುತ್ತದೆ,
ಯಾವ ಸ್ಟೇಷನ್ನೂ ಸಿಗದ ರೈಲಿನ ಹಾಗೆ.

ಟೇಪು ಅಂಟಿಸಿದಳು. ಹಳೆಯ ಕಾಲುಚೀಲ ತುರುಕಿದಳು.
ಸೀಟಿ ಒಂದು ಸ್ವರ ಮೇಲೇರಿತು, ಅಷ್ಟೆ.

ರಿಪೇರಿಗೆ ಬಂದ ಯೂಸೇಬಿಯೊ
ಏಣಿ ಹತ್ತಲೇ ಇಲ್ಲ.
ಕಿವಿಗೊಟ್ಟು ಮನೆಯೆಲ್ಲ ಸುತ್ತಿದ.
ಫಿಲ್ಟರ್ ಎಳೆದ: ಬೂದು ಕಂಬಳಿ.
"ಉಳಿದ ಮೂರು ಕೋಣೆಗೆ ಗಾಳಿ ಯಾಕೆ ಮುಚ್ಚಿದ್ದೀರಿ?"
"ಕರೆಂಟ್ ಬಿಲ್ಲು. ಇರುವವಳು ನಾನೊಬ್ಬಳು."
"ನಿಮ್ಮ ಲೆಕ್ಕ ಗಾಳಿಗೆ ತಿಳಿಯದು, ಸೆನ್ಯೋರಾ.
ನಾಲ್ಕು ಬಾಯಿಗೆಂದು ಹೊರಟದ್ದು
ಒಂದರಲ್ಲೇ ನುಗ್ಗಿದರೆ
ಕಿರುಚದೆ ಇನ್ನೇನು ಮಾಡೀತು?"

ಹಿಡಿ ತಿರುಗಿಸಿ ತೆರೆದ: ಹೊಲಿಗೆ ಕೋಣೆ,
ಸಾಮಾನು ಕೋಣೆ,
ತಮ್ಮ ರೋಹೆಲಿಯೊ ಡ್ರಮ್ಮು ಬಿಟ್ಟುಹೋದ ಕೋಣೆ.
ಅಲ್ಲಿ ಧೂಳು ಎದ್ದು, ಯೋಚಿಸಿ, ಕೂತಿತು.

ಸಡಿಲ ಪಟ್ಟಿಗೆ ಮೆತ್ತೆಯ ಚೂರು, ಎರಡು ಸ್ಕ್ರೂ.
ಎಪ್ಪತ್ತು ಡಾಲರ್.

ಮಲಗಿದಳು. ಗಾಳಿ ಬರುತ್ತಿದೆಯೇ?
ಕೈ ಎತ್ತಿ ಹಿಡಿದು ನೋಡಿದಳು. ಬರುತ್ತಿದೆ.

ಆಚೆ ಕೋಣೆಯಲ್ಲಿ, ತಂಪಿಗೆ ಮೈ ಕೊಡವಿ,
ಹಿತ್ತಾಳೆಯ ತಾಳ
ಆಗಾಗ ಸಣ್ಣಗೆ: ಣಿಣ್.

ಅದಕ್ಕೆ ಅವಳು ಯಾರನ್ನೂ ಕರೆಸಲಿಲ್ಲ.