ಕೈಗುಣ

ಐದನೆಯದೂ ಸತ್ತಿತು.
ಹೊಗೆಯಿಲ್ಲ, ಸದ್ದಿಲ್ಲ. ಬೆರಳಿಟ್ಟರೆ ಮಾತ್ರ
ಬಾಣಲೆಯಿಂದ ಈಗಷ್ಟೇ ಇಳಿಸಿದ ಹಾಗೆ ಸುಡುವ
ಉಗುರಿನಗಲದ ಕರಿ ಮೈಕ್ರೊಕಂಟ್ರೋಲರ್.
ಇದ್ದೀಯಾ ಎಂದು ಕಂಪ್ಯೂಟರು ಕೇಳುತ್ತದೆ,
ಕೇಳುತ್ತಲೇ ಇರುತ್ತದೆ.

ಸ್ಪಾಲ್ಡಿಂಗ್ ಊರಾಚೆ, ಕಾಲುವೆ ಏರಿಯ ಕೆಳಗೆ
ಹಳೆ ಪಂಪ್‌ಹೌಸಿನ ಹಿಂಬದಿ ಕೋಣೆ.
ಇಲ್ಲಿಯ ಕೆಲವು ಹೊಲ ಸಮುದ್ರಕ್ಕಿಂತ ತಗ್ಗು;
ನೀರೆಷ್ಟು ಏರಿತೆಂದು ರಾತ್ರಿಯೆಲ್ಲ
ಯಾರಾದರೂ ನೋಡುತ್ತಿರಬೇಕು.
ಆ ಯಾರಾದರೂ ಆಗಲೆಂದೇ ಈ ಬೋರ್ಡು,
ನಾನೇ ಗೆರೆ ಎಳೆದು ನಾನೇ ಬೆಸೆದದ್ದು,
ಅಂಗೈಯಗಲ, ಹಸಿರು.

ಮೀಟರಿನ ಕೆಂಪು ಕಡ್ಡಿ, ಕರಿ ಕಡ್ಡಿ ಮುಟ್ಟಿಸಿದೆ.
ಮೂರು ಪಾಯಿಂಟ್ ಮೂರು.
ಇನ್ನೊಮ್ಮೆ. ಮೂರು ಪಾಯಿಂಟ್ ಮೂರು.
ಸಾಕ್ಷಿ ಹೇಳಲು ಬಂದ ಮೇಷ್ಟ್ರ ಹಾಗೆ
ಕಣ್ಣು ಮಿಟುಕಿಸದೆ ಅದೇ ಮಾತು.

ಭೂತಗನ್ನಡಿಯಲ್ಲಿ ಬೆಸುಗೆ ನೋಡಿದೆ.
ಡಯೋಡು ತಿರುವುಮುರುವು ಕೂರಿಸಿದೆನೇ? ಇಲ್ಲ.
ರೆಗ್ಯುಲೇಟರನ್ನು ಅಗ್ಗದ ಮಾಲೆಂದು ಬೈದು
ದುಬಾರಿಯದು ತರಿಸಿದೆ. ಅದೂ ಹೋಯಿತು,
ಹೋಗುವಾಗ ಚಿಪ್ಪನ್ನು ಜೊತೆಗೆ ಕರೆದುಕೊಂಡೇ.

ವಿಚಿತ್ರವೆಂದರೆ, ಹೆಡ್ಲಿ ಪ್ಲಮ್‌ಟ್ರೀ ಹಚ್ಚಿದರೆ ಸಾಯುವುದಿಲ್ಲ.
ಡೀಸೆಲ್ ಪಂಪುಗಳ ಕಾಲದ ಮುದುಕ,
ಕನ್ನಡಕ ಹಣೆಗೇರಿಸಿ, ಚಹಾದ ಮಗ್ಗು ಪಕ್ಕಕ್ಕಿಟ್ಟು
ಹಚ್ಚುತ್ತಾನೆ, ದೀಪ ಮಿನುಗುತ್ತದೆ.
ನಾನು ಹಚ್ಚುತ್ತೇನೆ, ಸಾವು.
"ನಿನ್ನನ್ನು ಕಂಡರೆ ಅದಕ್ಕಾಗದು" ಎಂದು ನಗುತ್ತಾನೆ.
ನನಗೆ ನಗು ಬರಲಿಲ್ಲ.

ನಮ್ಮಲ್ಲಿ ಇದಕ್ಕೊಂದು ಮಾತಿದೆ,
ಅವನಿಗೆ ಹೇಳಲು ಹೋಗಿ ಸೋತೆ: ಕೈಗುಣ.
ಭಾಗೀರಥಿ ಚಿಕ್ಕಮ್ಮನದು ಕೆಟ್ಟದಿತ್ತು.
ಅವಳು ಮುಟ್ಟಿದ ಉಪ್ಪಿನಕಾಯಿ ಭರಣಿ
ತಿಂಗಳೊಳಗೆ ಬೂಷ್ಟು ಹಿಡಿಯುತ್ತಿತ್ತು.
ಮಿಡಿ ಹಾಕುವ ದಿನ ಅವಳನ್ನು
ಮಕ್ಕಳ ತಲೆ ಬಾಚಲು ಜಗಲಿಗೆ ಕಳಿಸುತ್ತಿದ್ದರು.
ಅವಳೂ ನಗುತ್ತಲೇ ಹೋಗುತ್ತಿದ್ದಳು.

ಉಳಿದದ್ದು ಆರನೆಯದು. ಕೊನೆಯದು.
ಈ ಸಲ ಅವನು ಮಾಡುವುದನ್ನು ಸುಮ್ಮನೆ ನೋಡಿದೆ.
ಮೊದಲು ಬೋರ್ಡಿಗೆ ವೈರು ಚುಚ್ಚಿದ.
ಆಮೇಲೆ ಬಗ್ಗಿ, ಮೊಣಕಾಲು ಹಿಡಿದುಕೊಂಡು
ಗೋಡೆಯ ಸಾಕೆಟ್ಟಿನ ಸ್ವಿಚ್ಚು ಒತ್ತಿದ.
ನಾನೋ, ಗೋಡೆಯ ಸ್ವಿಚ್ಚು ಬೆಳಿಗ್ಗೆಯೇ ಒತ್ತಿಟ್ಟು
ಕರೆಂಟಿರುವ ವೈರನ್ನೇ ತಂದು ಚುಚ್ಚುವವಳು.

ಕಾಲೇಜಿನಿಂದ ಆಸಿಲೋಸ್ಕೋಪು ಕಡ ತಂದು
ಸತ್ತ ಬೋರ್ಡೊಂದರ ಹೆಬ್ಬಾಗಿಲಲ್ಲಿ ಕಾವಲಿಟ್ಟೆ.
ಚುಚ್ಚಿದೆ.
ಹನ್ನೆರಡರಲ್ಲಿ ನಿಲ್ಲಬೇಕಾದ ಗೆರೆ ಹೆಡೆಯೆತ್ತಿ
ಇಪ್ಪತ್ತಮೂರು ಮುಟ್ಟಿ, ಕುಸಿದು, ಮತ್ತೆದ್ದು,
ಮಗು ಇಳಿದುಹೋದ ಉಯ್ಯಾಲೆಯಂತೆ
ತೂಗಿ ತೂಗಿ ಹನ್ನೆರಡಕ್ಕೆ ಬಂತು.
ಎಲ್ಲ ಸೇರಿ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು.
ಮೀಟರು ಸುಳ್ಳು ಹೇಳಿರಲಿಲ್ಲ.
ಅದು ಬರುವಷ್ಟರಲ್ಲಿ ಕೊಲೆ ಮುಗಿದು
ನೆಲ ಒರೆಸಿ ಆಗಿತ್ತು.

ಉದ್ದ ವೈರು, ತುದಿಯಲ್ಲಿ ಸೆರಾಮಿಕ್ ಕೆಪಾಸಿಟರು:
ಅಕ್ಕಿಕಾಳಿನಷ್ಟು, ತಡೆಯೆಂಬುದೇ ಇಲ್ಲ,
ಕ್ಯಾಟಲಾಗಿನಲ್ಲಿ ಎಲ್ಲದಕ್ಕಿಂತ ಒಳ್ಳೆಯದು.
ನುಗ್ಗಿದ್ದನ್ನೆಲ್ಲ ಬಾ ಎಂದು ಕರೆದು
ಹಾಗೇ ಎತ್ತಿ ಆಚೆ ಎಸೆಯುತ್ತಿತ್ತು.
ಹೆಡ್ಲಿ ಬಿಸ್ಕತ್ತಿನ ಡಬ್ಬಿ ಕೆದಕಿ ಇನ್ನೊಂದು ಕೊಟ್ಟ:
ಎಲೆಕ್ಟ್ರೋಲಿಟಿಕ್, ಡೊಳ್ಳು ಹೊಟ್ಟೆ, ಮಂದ,
ಒಂದಿಷ್ಟನ್ನು ಒಳಗೇ ನುಂಗಿಕೊಂಡು ಬೆಚ್ಚಗಾಗುವ ಜಾತಿ.
ಪಕ್ಕಕ್ಕೆ ಬೆಸೆದೆ. ಚುಚ್ಚಿದೆ.
ಗೆರೆ ಹದಿಮೂರರಲ್ಲಿ ತುಸು ತಲೆಯೆತ್ತಿ, ಮಲಗಿತು.

ಆರನೆಯದು ಬದುಕಿದೆ.
ನನ್ನ ಕೈಯಿಂದಲೇ ಮೂವತ್ತು ಸಲ ಕಿತ್ತು ಚುಚ್ಚಿದೆ,
ಹೆಡ್ಲಿ ಎಣಿಸಿದ, ಹತ್ತೊಂಬತ್ತರಲ್ಲಿ ಲೆಕ್ಕ ತಪ್ಪಿದ.

ಸಂಜೆ ಏರಿಯ ಮೇಲೆ, ಎದುರುಗಾಳಿಯಲ್ಲಿ ಸೈಕಲ್ಲು ತಳ್ಳುತ್ತ
ಚಿಕ್ಕಮ್ಮನ ಸೌಟು ನೆನಪಾಯಿತು.
ತೊಳೆದದ್ದನ್ನು ಒರೆಸುತ್ತಿರಲಿಲ್ಲ ಅವಳು,
ಗಾಳಿಯಲ್ಲೊಮ್ಮೆ ಕೊಡವಿ
ಹಾಗೇ ಭರಣಿಗೆ.
ತುದಿಯಲ್ಲಿ ಒಂದು ಹನಿ ಇರುತ್ತಿತ್ತು.
ನಾನು ನೋಡಿದ್ದೆ, ಏಳು ವರ್ಷದವಳು, ಬಾಗಿಲ ಸಂದಿಯಿಂದ.
ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.