ಇವತ್ತು ಸುರಾ ಇಲ್ಲ

ಮದರಾಸಿನ ಐಸು ರಾತ್ರಿಯೆಲ್ಲ ಕರಗುತ್ತ
ಬೆಳಗಿನ ಆರೂವರೆಗೆ ರಾಬರ್ಟ್‌ಸನ್‌ಪೇಟೆ ತಲುಪುತ್ತದೆ.
ಸಮುದ್ರ ನೋಡಿದವಳಲ್ಲ ನಾನು.
ಮೂವತ್ತು ವರ್ಷ ಅದರ ವಾಸನೆಯಲ್ಲೇ ಅನ್ನ ಉಂಡಿದ್ದೇನೆ.

ತಂತಿಬುಟ್ಟಿ ಹಿಡಿದು ಅಂತೋಣಿಯಮ್ಮ ಬಂದಳು.
"ಸೊಸೆ ಹೆತ್ತು ಒಂಬತ್ತು ದಿನ ಆಯ್ತು, ಸಗಾಯಮೇರಿ.
ಕೂಸಿಗೆ ಹಾಲು ಸಾಲ್ತಿಲ್ಲ, ಪುಟ್ಟು ಮಾಡಬೇಕು.
ಅರ್ಧ ಕಿಲೋ ಸುರಾ ಕೊಡು, ನಡುತುಂಡು."

ಗೋಣಿತಾಟಿನ ಕೆಳಗೆ ಐಸಿನ ಮೇಲೆ
ಮೂರಡಿ ಸುರಾ ಕಣ್ಣು ಬಿಟ್ಟುಕೊಂಡು ಮಲಗಿತ್ತು.
"ಇವತ್ತು ಸುರಾ ಇಲ್ಲ" ಅಂದೆ.

ಬಾಲ ಹೊರಗಿತ್ತು.
ಅವಳು ಬಾಲವನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಏನಂತ ಹೇಳಲಿ ಇವಳಿಗೆ?
ನನ್ನ ಬಾಣಂತನದಲ್ಲೂ ಅದೇ ಪುಟ್ಟು,
ಬೆಳ್ಳುಳ್ಳಿ ಜಾಸ್ತಿ, ಮೆಣಸು ಜಾಸ್ತಿ,
ಅಮ್ಮ ಬಿಸಿಬಿಸಿ ಉದುರಿಸಿ ಬಾಯಿಗಿಟ್ಟ ತುತ್ತು.
ಆ ಕೈಯನ್ನು ತಪ್ಪು ಅನ್ನೋದಕ್ಕೆ ನಾಲಿಗೆ ಏಳುತ್ತದೆಯೇ?

ಅಪ್ಪ ಗಣಿಯ ಮಿಲ್ಲಿನಲ್ಲಿದ್ದವನು.
ಒಂದು ಸಲ ಇಂಜೆಕ್ಷನ್ ಬಾಟಲಿಯಲ್ಲಿ
ಒಂದು ತೊಟ್ಟು ಪಾದರಸ ತಂದಿದ್ದ, "ಚಿನ್ನ ಹಿಡಿಯೋ ನೀರು" ಅಂತ.
ಪಿಂಗಾಣಿ ತಟ್ಟೆಗೆ ಬಿಟ್ಟರೆ
ಓಡಿತು, ಒಡೆಯಿತು, ಮತ್ತೆ ಕೂಡಿತು,
ನಮ್ಮ ಬೆರಳಿಗೆ ಮಾತ್ರ ಸಿಗಲಿಲ್ಲ.
ಅಮ್ಮ ನಕ್ಕಳು: "ನನ್ನ ಮಕ್ಕಳೂ ಹಿಂಗೇ ಇರ್ಲಿ, ಪಾದರಸದ ಥರ."
ಅಷ್ಟರಲ್ಲಿ ಅದು ಅವಳ ಮದುವೆ ಉಂಗುರಕ್ಕೆ ತಾಗಿತು.
ಎಷ್ಟು ತಿಕ್ಕಿದರೂ ಉಂಗುರ ಹಳದಿಗೆ ತಿರುಗಲಿಲ್ಲ.
ಸಾಯುವ ತನಕ ಬೆಳ್ಳಗಿತ್ತು ಆ ಒಂದು ಕಡೆ.

ಹೋದ ವರ್ಷ ನರ್ಸ್ ಫೌಜಿಯಾ
ನೆತ್ತಿಲಿ ಆರಿಸುತ್ತ ಇದೇ ಕಲ್ಲಿನ ಮುಂದೆ ಕೂತು ಹೇಳಿದ್ದು:
ಎಲ್ಲೋ ಕಲ್ಲಿದ್ದಲು ಸುಡುತ್ತಾರೆ, ಹೊಗೆ ಮಳೆಯಾಗಿ ಇಳಿಯುತ್ತದೆ,
ಪಾದರಸ ಕಡಲು ಸೇರುತ್ತದೆ, ಹುಳದೊಳಗೆ ಚೂರು,
ಹುಳ ತಿಂದ ಮೀನೊಳಗೆ ಅಷ್ಟೂ ಚೂರು.
"ಸಾಲ ಗೊತ್ತಲ್ಲ ಮೇರಿ ನಿಂಗೆ?
ನೆತ್ತಿಲಿ ಕೈಸಾಲ. ಸುರಾ ಮೀಟರ್ ಬಡ್ಡಿ.
ಎಲ್ಲರ ಅಸಲೂ ಅದರ ಹೊಟ್ಟೇಲಿ."

"ಅರಿಶಿನ ಹಾಕಿ ತೊಳೆದ್ರೆ ಹೋಗಲ್ವಾ ಮೇಡಂ?"
ಹುಣಸೆಹುಳಿಗೂ ಹೋಗಲ್ಲ, ಕುದಿಸಿದರೂ ಹೋಗಲ್ಲ.
ಹೊಕ್ಕುಳಬಳ್ಳಿ ದಾಟುತ್ತೆ, ಹಾಲಿಗೂ ಇಳಿಯುತ್ತೆ,
ಕೂಸಿನ ತಲೆಯೊಳಗೆ ಮನೆ ಮಾಡುತ್ತೆ.
ಮಾತು ತಡ, ಲೆಕ್ಕ ತಡ, ಕರೆದರೆ ತಿರುಗೋದು ತಡ.
ಅಲ್ಲಿ ಹೋದ ಪಾದರಸ ಓಡುವುದಿಲ್ಲವಂತೆ.
ಕೂತುಬಿಡುತ್ತದಂತೆ.

ಇದನ್ನೆಲ್ಲ ಸಂತೆಗದ್ದಲದಲ್ಲಿ ಕಿರುಚಲೇ?
ನೆತ್ತಿಲಿ ಬೊಗಸೆ ತುಂಬಿ ತಕ್ಕಡಿಗೆ ಸುರಿದೆ,
ಎರಡು ಹಿಡಿ ಮತ್ತಿ ಮೇಲೆ.
"ಇದನ್ನ ಸಾರು ಮಾಡು, ದಿನಾ ಬೇಡ, ವಾರಕ್ಕೆರಡು ಸಲ.
ಮೀನು ಬಿಡಿಸ್ಬೇಡ, ದೊಡ್ಡದು ಬಿಡಿಸು.
ಹಾಲಿಗೆ ಬೆಳ್ಳುಳ್ಳಿ ಇದೆ, ನುಗ್ಗೆಸೊಪ್ಪು ಇದೆ,
ಕೂಸಿನ ಬಾಯಿ ಇದೆ, ಪದೇ ಪದೇ ಹಿಡಿಸು."

"ಸುರಾ ಇದೆಯಲ್ಲೇ" ಅಂದಳು ಮೆಲ್ಲಗೆ.
"ಇದೆ. ಜೆನಿಟಾಗೆ ಇಲ್ಲ."

ಬೈಯುತ್ತಾಳೆ ಅಂದುಕೊಂಡೆ.
ಅಂತೋಣಿಯಮ್ಮ ನೆತ್ತಿಲಿ ಒಂದನ್ನು ಎತ್ತಿ
ಬೆಳಕಿಗೆ ಹಿಡಿದು ನೋಡಿದಳು, ಅದರೊಳಗೆ ಕೂತವನನ್ನು
ಕಂಡುಹಿಡಿಯುವವಳ ಹಾಗೆ.
ಆಮೇಲೆ ಹತ್ತು ರೂಪಾಯಿ ಚೌಕಾಸಿ ಮಾಡಿ ಹೋದಳು.

ಹನ್ನೊಂದು ಗಂಟೆಗೆ ಬೈಕು ನಿಲ್ಲಿಸಿದ ಒಬ್ಬ,
ಹೆಲ್ಮೆಟ್ಟೂ ತೆಗೆಯದೆ ಸುರಾ ಪೂರ್ತಿ ತೂಗಿಸಿದ.
"ಹೋಟೆಲಿಗಾ?"
"ಮನೆಗೆ."
ಕತ್ತಿ ಎತ್ತಿದ್ದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು,
ಐಸು ನೀರಾಗಿ ಕಾಲಡಿ ಹರಿಯುತ್ತಿತ್ತು.
ಮನೆಯಲ್ಲಿ ಯಾರಿದ್ದಾರೆ ಅಂತ
ನಾನು ಕೇಳಲಿಲ್ಲ.