ನಳದ ದಿನ

ಸೊಲ್ಲಾಪುರದ ನಮ್ಮ ಓಣಿಗೆ ನೀರು
ಐದು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.
ಉಳಿದ ನಾಲ್ಕು ದಿನ
ಕೈ ತೊಳಿ ಎಂದು ನಾನು, ನೀರು ಉಳಸು ಎಂದು ಅತ್ತೆ.
ನಡುವೆ ಓವಿ, ಮೂರು ವರ್ಷದವಳು,
ಎರಡೂ ಅಂಗೈ ಮೇಲೆತ್ತಿ ನಿಂತಿರುತ್ತಾಳೆ
ಪೊಲೀಸರ ಕೈಗೆ ಸಿಕ್ಕವಳ ಹಾಗೆ.

ನನ್ನ ಕೆಲಸ ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ.
ಹತ್ತರಿಂದ ಐದರ ತನಕ ಊರಿನವರ ಕಫ ನೋಡುತ್ತೇನೆ.
ಗಾಜಿಗೆ ಸವರಿ, ಕೆಂಪು ಸುರಿದು, ಹಬೆಯಾಡುವಷ್ಟು ಕಾಸಿ,
ಆಮ್ಲದಲ್ಲಿ ತೊಳೆದು, ಮೇಲೆ ನೀಲಿ.
ಆ ನೀಲಿ ಬಯಲಲ್ಲಿ ಒಮ್ಮೊಮ್ಮೆ
ಸಣ್ಣ ಕೆಂಪು ಕಡ್ಡಿಗಳು,
ಯಾರೋ ಕುಂಕುಮದಲ್ಲಿ ಸೂಜಿ ಅದ್ದಿ ಗೀಚಿದಂತೆ.
ಅವನ್ನು ನೋಡಿದ ಕಣ್ಣು ಮನೆಗೂ ಬರುತ್ತದೆ.
ಚಪ್ಪಲಿಯ ಜೊತೆ ಹೊರಗೆ ಬಿಡಲಾಗುವುದಿಲ್ಲ.

ಅತ್ತೆ ಮಲಕವ್ವನಿಗೆ ಬೇರೆಯೇ ಕಾಣುತ್ತದೆ.
ತಂಬಿಗೆಗೆ ತುಟಿ ತಾಗಿದರೆ ಎಂಜಲು.
ಉಂಡ ಕೈ ಬುಟ್ಟಿಯ ರೊಟ್ಟಿಗೆ ತಾಗಿದರೆ ಎಂಜಲು.
ಮಣ್ಣಿಗೆ ಹೋಗಿ ಬಂದರೆ ನೆತ್ತಿಯ ಮೇಲೆ ಎರಡು ಕೊಡ,
ಆಗ ನೀರು ಉಳಿಸುವ ಮಾತೇ ಇಲ್ಲ.
ನನಗೆ ಎತ್ತಿ ಕುಡಿಯಲು ಬರದು, ಮೂಗಿಗೆ ಹೋಗುತ್ತದೆ.
"ಇಷ್ಟ ಕಲಿತಾಕಿ, ನೀರ ಕುಡ್ಯೂದು ಕಲೀಲಿಲ್ಲ."
ಅದೇ ಬಾಯಿ,
ಮೊಮ್ಮಗಳ ಕೆನ್ನೆಗೆ ಶೇಂಗಾ ಹಿಂಡಿ ಅಂಟಿದ್ದು ಕಂಡರೆ
ಸೆರಗಿನ ತುದಿಗೆ ಉಗುಳು ಹಚ್ಚಿ
ಉಜ್ಜಿ ಉಜ್ಜಿ ಒರೆಸುತ್ತದೆ.
"ಅದು ಎಂಜಲಲ್ಲೇನ್ರಿ?"
"ಅಜ್ಜಿ ಉಗುಳಿಗಿ ಎಂಜಲಂತಾರೇನ? ಔಷಧ ಅದು."

ಗಂಡ ರೇವಣ ಟಾವೆಲ್ ಮಿಲ್ಲಿನಲ್ಲಿ ಪಾಳಿಯವನು.
ಎಲ್ಲೆಲ್ಲಿಯದೋ ಹೋಟೆಲುಗಳಿಗೆ ಬಿಳಿ ಟಾವೆಲು, ದಿನಕ್ಕೆ ಸಾವಿರ.
ಮನೆಯಲ್ಲಿ ಒಂದು, ನಾಲ್ವರಿಗೆ.
ಅಂಚು ಸೊಟ್ಟಾದ ಮಾಲು. ಬಿಳಿಯಾಗಿತ್ತು.
ಕೆಳಗೆ ಬಿದ್ದ ರೊಟ್ಟಿ ಚೂರನ್ನು ಉಫ್ ಎಂದು ಊದಿ
ಬಾಯಿಗಿಟ್ಟುಕೊಳ್ಳುತ್ತಾನೆ. ನಮ್ಮಿಬ್ಬರ ಜಗಳಕ್ಕೂ
ಅಷ್ಟೇ, ಒಂದು ಉಫ್.

ಆಷಾಢದಲ್ಲಿ ಅತ್ತೆಗೆ ಕೆಮ್ಮು ಹತ್ತಿತು.
ಮೂರನೇ ವಾರ ಡಬ್ಬಿ ತಂದು ಕೈಗಿಟ್ಟೆ:
ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಎದೆಯಾಳದಿಂದ.
ಮುಖ ತಿರುವಿದಳು.
ತಾನು ಉಗುಳಿದ್ದನ್ನು ಸೊಸೆ ಹೊತ್ತೊಯ್ಯುವುದೇ?
ಎರಡು ದಿನ ಡಬ್ಬಿ ಮಾಡದಲ್ಲಿ ಖಾಲಿ ಕೂತಿತ್ತು.
ಮೂರನೇ ದಿನ ನನ್ನ ಚೀಲದ ಪಕ್ಕ
ಹಳೆ ಕುಪ್ಪಸದ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ,
ಬುತ್ತಿಯ ಹಾಗೆ.

ನೂರು ವೃತ್ತ ನೋಡಬೇಕೆಂದು ನಿಯಮ.
ನಾನು ಮುನ್ನೂರು ನೋಡಿದೆ.
ಮೂವತ್ತು ವರ್ಷ ಬೀಡಿ ಕಟ್ಟಿದ ದೂಳು ಗಾಜಿನಲ್ಲಿ ಕಾಣುವುದಿಲ್ಲ.
ಕಂಡದ್ದು, ಮುರಿದ ಹಪ್ಪಳದಂಥ ಜೀವಕೋಶ,
ಸುತ್ತ ಚುಕ್ಕಿ ಚುಕ್ಕಿ, ಯಾರ ಬಾಯಲ್ಲೂ ಇರುವಂಥವು,
ನನ್ನ ಮಗಳ ಕೆನ್ನೆಗೆ ದಿನಾ ಹತ್ತುವಂಥವು.
ಕೆಂಪು, ಒಂದೂ ಇಲ್ಲ.
ಕೈಗವಸು ಬಿಚ್ಚುವಾಗ
ಬೆರಳು ನಡುಗುತ್ತಿದ್ದುದು ನನ್ನವೇ ಎಂದು ತಡವಾಗಿ ತಿಳಿಯಿತು.

"ಏನೂ ಇಲ್ರಿ ಅತ್ತಿ," ಅಂದೆ ಸಂಜೆ.
"ಏನೂ ಇಲ್ಲ? ಇಷ್ಟ ವರ್ಷ ಮಾತಾಡಿದ ಬಾಯಾಗ?"
ಸಿಟ್ಟೇ ಬಂತು ಅವಳಿಗೆ.
ಆಮೇಲೆ, ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ,
"ಹೆಂಗಿತ್ತ ನೋಡಾಕ?"
ನೀಲಿ, ಅಂದೆ. ಭಾಳ ನೀಲಿ.

ರಾತ್ರಿ ನಳ ಬಂತು. ಕೊಡ, ಬಕೀಟು, ಹಂಡೆ,
ಓವಿಯ ಆಟದ ಬೋಗುಣಿ ಕೂಡ ತುಂಬಿಟ್ಟೆವು.
ಮಲಕವ್ವ ಮೇಲಿಂದ ಸುರಿದಳು, ನಾನು ಬೊಗಸೆಯೊಡ್ಡಿ ಕುಡಿದೆ,
ಮೊಣಕೈ ತನಕ ಒದ್ದೆ.
ಬೆಳಿಗ್ಗೆ ಮತ್ತೆ ಹಿಂಡಿ, ಮತ್ತೆ ಕೆನ್ನೆ.
ಸೆರಗು ಅವಳ ಬಾಯಿಗೆ ಹೋಗುವಷ್ಟರಲ್ಲಿ
ಮಗುವನ್ನು ಎತ್ತಿಕೊಂಡುಬಿಟ್ಟೆ.
ರಿಪೋರ್ಟು ಬೇರೆ, ಕೆನ್ನೆ ಬೇರೆ.

ಸೆರಗು ಗಾಳಿಯಲ್ಲೇ ನಿಂತಿತ್ತು.
"ನೀಲಿ ಅಂದಿದ್ದೆಲ್ಲ?" ಅಂದಳು ಮಲಕವ್ವ.